ಎಮ್ಮೆಗೆ ಬಳಿದ ಕಪ್ಪು

ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಯಲ್ಲಿ ನಾನು ಚಿತ್ರ ಬರೆಯುವುದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ. ಆಮೇಲೆ ಮಾಳಿಗೆಯ ಕೋಣೆಗೆ ಬಿಸಿಲು ನೇರವಾಗಿ ಬಿದ್ದು, ಹಳದಿ ಯಾವುದು ಬಿಳಿ ಯಾವುದು ತಿಳಿಯುವುದಿಲ್ಲ. ಸಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಹಿಡಿದ ಹವ್ಯಾಸ. ಊರಾಚೆಯ ಅಷ್ಟೂರಿನ ಸುಲ್ತಾನರ ಗುಮ್ಮಟಗಳನ್ನು ಎಷ್ಟು ಸಲ ಬರೆದಿದ್ದೇನೋ, ಒಂದು ಸಲವೂ ಅವು ನೆಟ್ಟಗೆ ನಿಂತಿಲ್ಲ. ನನ್ನ ಜೊತೆಗಿರುವ ತಂಗಿ ಲಿಂಗಪೂಜೆ ಮುಗಿಸಿ ಚಹಾ ತಂದಿಟ್ಟು, ಕುತ್ತಿಗೆ ವಾರೆ ಮಾಡಿ ನೋಡುತ್ತಾಳೆ.

"ಅಕ್ಕಾ, ಇದು ಗುಮ್ಮಟ ಅದನೋ, ಉಬ್ಬಿದ ಪೂರಿ ಅದನೋ?"

"ಪರ್ಸ್‌ಪೆಕ್ಟಿವ್ ಅಂತಾರ ಅದಕ್ಕ."

"ಏನರೆ ಅನ್ನು. ಪೂರಿ ಇದ್ರ ಬಾಜಿ ಮಾಡಬೇಕಲ್ಲ, ಅದಕ್ಕ ಕೇಳ್ದೆ."

ಅವಳ ಮಾತಿನಿಂದ ನನಗೆ ಬೇಸರವಿಲ್ಲ. ಐ ಆ್ಯಮ್ ಓನ್ಲಿ ಆ್ಯನ್ ಅಮೆಚ್ಯೂರ್. ನನ್ನ ಕೈಯಿಂದ ಹಾಳಾಗುತ್ತಿದ್ದುದು ಬರೀ ಕಾಗದ, ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ ಎರಡು ವರ್ಷದ ಹಿಂದೆ ಒಂದು ವಾರ ನಾನು ಕಾಗದ ಬಿಟ್ಟು ಬೇರೊಂದರ ಮೇಲೆ ಬಣ್ಣ ಬಳಿದೆ. ಆ ವಾರದ ವಿಷಯವನ್ನೇ ಬರೆಯಲು ಕುಳಿತಿದ್ದೇನೆ. ಇಷ್ಟು ದಿನ ಮುಂದೂಡಿದ್ದೂ ನನ್ನದೇ ತಪ್ಪು.

ನಾನು ಕಲಿತದ್ದು ಹೈದರಾಬಾದಿನ ಒಂದು ಕಾನ್ವೆಂಟಿನಲ್ಲಿ. ಶನಿವಾರ ಮಧ್ಯಾಹ್ನ ಸಿಸ್ಟರ್‌ಗಳೆಲ್ಲ ಊಟ ಮುಗಿಸಿ ಮಲಗಿದಾಗ ನಮ್ಮ ಪಿಯಾನೋ ಮಿಸ್ ಗ್ರಾಮಫೋನಿಗೆ ಒಂದು ರೆಕಾರ್ಡು ಹಾಕುತ್ತಿದ್ದರು. ಒಂದು ಗಿಟಾರು, ಚಿಟಪಟ ಎನ್ನುವ ಒಂದು ಡ್ರಮ್ಮು, ಆಳೆತ್ತರದ ಡಬಲ್ ಬಾಸು. ಬಾಸಿನ ತಂತಿಯನ್ನು ಎಳೆದು ಬಿಟ್ಟರೆ ಅದು ಹಲಗೆಗೆ ಟಕ್ಕೆಂದು ಬಡಿಯುವುದು. ಹಾಡುವವನಿಗೆ ನಡುನಡುವೆ ಬಿಕ್ಕಳಿಕೆ ಬಂದಂತೆ ಆಗುವುದು. "ರಾಕಬಿಲಿ, ಗರ್ಲ್ಸ್. ನಾಟ್ ಎ ವರ್ಡ್ ಟು ಮದರ್," ಎನ್ನುತ್ತಿದ್ದರು ಮಿಸ್. ನಾವು ಬೆಂಚುಗಳ ನಡುವೆ ಬೂಟು ಕಳಚಿ, ಬರೀ ಸಾಕ್ಸಿನಲ್ಲಿ ಸಪ್ಪಳವಾಗದಂತೆ ಕುಣಿಯುತ್ತಿದ್ದೆವು. ಆಮೇಲೆ ಮದುವೆ, ಭಾಲ್ಕಿಯ ಬಟ್ಟೆ ಅಂಗಡಿಯ ತುಂಬಿದ ಮನೆ, ಸಾಲೆಯಲ್ಲಿ ಇಂಗ್ಲಿಷ್ ಪಾಠ. ಆ ಸಂಗೀತ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಬೀದರಿಗೆ ತಂಗಿಯ ಬಳಿಗೆ ಬಂದೆ.

ಒಂದು ದಿನ ಇಲ್ಲಿಯ ಫಂಕ್ಷನ್ ಹಾಲಿನಲ್ಲಿ ನೆಂಟರ ರಿಸೆಪ್ಶನ್ನು. ಆರ್ಕೆಸ್ಟ್ರಾದವರು ಬೇಡಿಕೆಯ ಹಾಡುಗಳನ್ನೆಲ್ಲ ಮುಗಿಸಿದ್ದರು. ಜನ ಊಟಕ್ಕೆ ನುಗ್ಗಿದ್ದರು. ಸ್ಟೇಜಿನಲ್ಲಿ ಉಳಿದ ಮೂವರು ತಮ್ಮ ಪಾಡಿಗೆ ತಾವು ಏನೋ ಶುರು ಮಾಡಿದರು. ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದ ನನ್ನ ಬೆನ್ನಹಿಂದೆ ಟಕ್ ಟಕಾ ಟಕ್ ಅಂತು.

ಚಹಾ ಆರೀತು, ಬಸ್ಸು ಹೋತು, ನೀ ಬರಲಿಲ್ಲ,
ಔರಾದ ದಾರೀ ಧೂಳಿಗೂ ನಿನ್ನ ಗುರ್ತಿಲ್ಲ!

"ಬರಲಿಲ್ಲ" ಎನ್ನುವಲ್ಲಿ ಅದೇ ಬಿಕ್ಕಳಿಕೆ. ತಟ್ಟೆಯನ್ನು ಯಾರ ಕುರ್ಚಿಯ ಮೇಲಿಟ್ಟೆನೋ ಗೊತ್ತಿಲ್ಲ. ಸ್ಟೇಜಿನ ಕೆಳಗೆ ಹೋಗಿ ನಿಂತೆ. ಕಣ್ಣಲ್ಲಿ ನೀರು ಬಂತು. ತಂಗಿ ಬಂದು, "ಮಿರ್ಚಿ ಕಡದಿಯೇನು?" ಅಂದಳು.

ಗಿಟಾರು ಹಿಡಿದು ಹಾಡುತ್ತಿದ್ದವನು ಭಾಲ್ಕಿಯಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುವ ಮೆಕ್ಯಾನಿಕ್. ಹರೆಯದಲ್ಲಿ ಸಿಕಂದರಾಬಾದಿನ ಗ್ಯಾರೇಜಿನಲ್ಲಿ ದುಡಿದಾಗ ಮಾಲೀಕನ ರೆಕಾರ್ಡು ಕೇಳಿ ಕಲಿತಿದ್ದ. ಡ್ರಮ್ಮಿನವನದು ಔರಾದಿನಲ್ಲಿ ಹಣ್ಣಿನ ಅಂಗಡಿ. ಬಾಸಿನ ಹಿಂದೆ ನಿಂತಿದ್ದವರು ಔರಾದ್ ತಾಲೂಕಿನ ಚಿಂತಾಕಿಯ ಒಬ್ಬ ನಿವೃತ್ತ ಪ್ರಾಥಮಿಕ ಸಾಲೆಯ ಮಾಸ್ತರರು. ಆ ಬಾಸನ್ನು ಮಾಡಿದವರು ಅವರ ಅಣ್ಣ. ಬಡಗಿ ಕೆಲಸ ಬಲ್ಲ ಅವರು ರೆಕಾರ್ಡಿನ ಕವರಿನ ಮೇಲಿದ್ದ ಫೋಟೋ ನೋಡಿ, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳಿಂದ ಅದನ್ನು ಕಟ್ಟಿದ್ದರಂತೆ. ಈಗ ಅವರಿಲ್ಲ. ಟೆಂಪೋಗೆ ಹತ್ತಿಸುವುದು ಅಷ್ಟು ಕಷ್ಟವಾದ್ದರಿಂದ ಮೂವರೂ ಅದನ್ನು "ಎಮ್ಮಿ" ಎಂದೇ ಕರೆಯುತ್ತಿದ್ದರು.

ನಮ್ಮ ಮನೆಯಲ್ಲಿ ಕಾರಿಲ್ಲದ ಕಾರ್ ಶೆಡ್ಡೊಂದಿದೆ. ಭಾನುವಾರ ಮಧ್ಯಾಹ್ನ ಅಲ್ಲಿ ಪ್ರಾಕ್ಟೀಸ್ ಮಾಡಿರೆಂದು ನಾನೇ ಕರೆದೆ. ತಂಗಿ ಮೊದಲು ಗೊಣಗಿದಳು, ಆಮೇಲೆ ಚುರುಮುರಿ ಹಚ್ಚತೊಡಗಿದಳು. ನಾನು ಸ್ಟೂಲಿನ ಮೇಲೆ ಕುಳಿತು ಅವರ ಸ್ಕೆಚ್ ಮಾಡುತ್ತಿದ್ದೆ. ಎಪ್ಪತ್ತು ದಾಟಿದವಳಿಗೆ ವಾರಕ್ಕೊಂದು ಶನಿವಾರ ಮಧ್ಯಾಹ್ನ ವಾಪಸು ಸಿಕ್ಕಿತ್ತು, ಭಾನುವಾರದ ವೇಷದಲ್ಲಿ. ಬೂಟಿನ ಬದಲು ಚಪ್ಪಲಿ ಕಳಚಿ, ಕೂತಲ್ಲೇ ಕಾಲು ಕುಣಿಸುತ್ತಿದ್ದೆ.

ಅಷ್ಟರಲ್ಲಿ ಭಾಲ್ಕಿಯ ಒಂದು ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಕರೆ ಬಂತು. ಮದುವೆಯ ಊಟದ ಹೊತ್ತಿನಲ್ಲಿ ಅಲ್ಲ, ಅವರದೇ ಹೆಸರಿನಲ್ಲಿ ಮುಕ್ಕಾಲು ಗಂಟೆಯ ಪ್ರೋಗ್ರಾಮ್! ಮೆಕ್ಯಾನಿಕ್ ಹೊಸ ಶರ್ಟು ಹೊಲಿಸಿದ. ನಾನು ಎಮ್ಮೆಯನ್ನು ನೋಡಿದೆ. ಮಸುಕಾದ ಹಲಗೆ, ಅಲ್ಲಲ್ಲಿ ಕಲೆ, ಹೊಟ್ಟೆಯ ಮೇಲೆಲ್ಲ ಪೆನ್ಸಿಲಿನ ಗೀಚು. ನನ್ನ ತಲೆಯಲ್ಲಿ ಒಂದು ಐಡಿಯಾ ಹೊಳೆಯಿತು. ಬೀದರಿನ ಬ್ಯಾಂಡಿಗೆ ಬಿದರಿಯ ಬಾಸು: ಕಡುಗಪ್ಪು ಮೈ, ಅದರ ಮೇಲೆ ಬೆಳ್ಳಿಯ ಬಳ್ಳಿ. ಹೌ ಗ್ರ್ಯಾಂಡ್!

"ಮಾಸ್ತರ್ರೇ, ಒಂದು ವಾರ ಇದನ್ನ ನನ್ನ ಹತ್ರ ಬಿಡ್ರಿ. ಹೆಂಗ್ ಮಾಡಿ ಕೊಡ್ತೇನಿ ನೋಡ್ರಿ."

"ಇರ್ಲಿ ಬಿಡ್ರಿ ಮೇಡಂ. ಹಂಗೇ ಚಂದ ಅದ."

"ಏನ್ ಚಂದರೀ? ಸ್ಟೇಜ್ ಮ್ಯಾಲ ಹೋಗೂದದ. ನಾ ಮಾಡ್ತೇನಿ ಬಿಡ್ರಿ."

"ನಿಮಗ್ಯಾಕ ಸುಮ್ನೆ ತ್ರಾಸು..."

"ಏನ್ ತ್ರಾಸಿಲ್ಲ."

ಅವರು ಬಾಸಿನ ಕುತ್ತಿಗೆಯ ಮೇಲೆ ಕೈಯಿಟ್ಟರು. ಪ್ರತಿ ವಾರ ನನ್ನ ಶೆಡ್ಡಿನಲ್ಲಿ ಬಾರಿಸಿ, ನನ್ನ ಮನೆಯ ಚಹಾ ಕುಡಿದ ಮನುಷ್ಯ ಹಿರಿಯಳಾದ ನನಗೆ ಮೂರನೆಯ ಸಲ ಬೇಡವೆನ್ನಲಾರ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಸಂಕೋಚವೆಂದು ಓದಿಕೊಂಡೆ. ಅದೇ ನನಗೆ ಅನುಕೂಲವಾಗಿತ್ತು.

ಮರುದಿನವೇ ಬಿದರಿ ಕೆಲಸದ ಪರಿಚಯದ ಮುದುಕನೊಬ್ಬನ ಬಳಿಗೆ ಹೋದೆ. ಬಿದರಿಯ ಕಪ್ಪು ಬರುವುದು ಕೋಟೆಯೊಳಗಿನ, ಬಿಸಿಲು ಮಳೆ ಕಾಣದ ಮಣ್ಣಿನಿಂದ. ನನ್ನ ಬಣ್ಣದಲ್ಲೂ ಅದೇ ಮಣ್ಣಿರಬೇಕೆಂಬ ಹಟ ನನಗೆ. ಆ ಮುದುಕ ಒಂದು ಡಬ್ಬಿ ಮಣ್ಣು ಕೊಟ್ಟು, "ಅಮ್ಮಾಜೀ, ಈ ಮಿಟ್ಟಿ ಲೋಹಕ್ಕ ಕೆಲಸ ಮಾಡ್ತದರಿ. ಕಟ್ಟಗಿಗೆ ಏನೂ ಮಾಡೂದಿಲ್ಲ," ಅಂದ. ನಾನು ನಕ್ಕೆ.

ಪೆನ್ಸಿಲಿನ ಗುರುತುಗಳನ್ನು ನಾನು ನೋಡಿಯೇ ನೋಡಿದೆ. ಸಣ್ಣ ಸಣ್ಣ ವೃತ್ತಗಳು, ಒಂದೊಂದರ ಒಳಗೆ ಒಂದೊಂದು ಅಂಕಿ, ಪಕ್ಕದಲ್ಲಿ ಒಂದೆರಡು ಗೆರೆ. ಮಾಸ್ತರರ ಸಾಲೆಯ ಮಕ್ಕಳು ಗೀಚಿರಬೇಕು ಅಂದುಕೊಂಡೆ. ಒರಟು ಸ್ಯಾಂಡ್‌ಪೇಪರ್ ತೆಗೆದುಕೊಂಡು, ಹೊಟ್ಟೆಯ ಭಾಗವನ್ನು ಮಗುವಿನ ಬೆನ್ನಿನಂತೆ ನುಣುಪಾಗುವವರೆಗೆ ಉಜ್ಜಿದೆ. ಆಮೇಲೆ ಪ್ರೈಮರ್. ಅದರ ಮೇಲೆ ಮಣ್ಣು ಕಲಸಿದ ಕಪ್ಪು ಎನಾಮೆಲ್, ಒಂದಲ್ಲ ನಾಲ್ಕು ಕೋಟು. ಒಣಗಿದ ಮೇಲೆ ಬೆಳ್ಳಿಬಣ್ಣದ ಬಳ್ಳಿ, ಕೊನೆಗೆ ವಾರ್ನಿಶ್. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಚೆಂದದ ಕೆಲಸ ಅದು. ಈಗಲೂ ಹಾಗೇ ಅನ್ನಿಸುತ್ತದೆ. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ತಂಗಿ ಸುತ್ತು ಹಾಕಿ ನೋಡಿ, "ಎಮ್ಮಿಗೆ ಸೀಮಂತ ಮಾಡಿದಂಗ ಆಗ್ಯಾದ," ಅಂದಳು.

ಮಾಸ್ತರರು ಬಂದು ನೋಡಿದರು. ಅಂಗೈಯನ್ನು ಬಾಸಿನ ಹೊಟ್ಟೆಯ ಮೇಲೆ ಸವರಿದರು. ಒಂದು ಜಾಗದಲ್ಲಿ ಕೈ ನಿಂತಿತು. "ಭಾಳ ಚಂದ ಮಾಡೀರಿ," ಅಂದರು.

ಗ್ಯಾದರಿಂಗಿನ ಸಂಜೆ ಪರದೆ ಸರಿದಾಗ ಕಾಲೇಜಿನ ಹುಡುಗಿಯರು ಓ ಎಂದು ಕೂಗಿದರು. ದೀಪದ ಬೆಳಕಿನಲ್ಲಿ ಕಪ್ಪು ಹೊಳೆಯುತ್ತಿತ್ತು. ನಾಲ್ಕೈದು ಮೊಬೈಲುಗಳು ಮೇಲೆದ್ದವು. ಮೊದಲ ಸಾಲಿನಲ್ಲಿ ಕುಳಿತ ನಾನು ಸೆರಗು ಸರಿಮಾಡಿಕೊಂಡೆ. ಮೆಕ್ಯಾನಿಕ್ ಒನ್ ಟೂ ಥ್ರೀ ಅಂದ. ಮಾಸ್ತರರು ತಂತಿ ಎಳೆದು ಬಿಟ್ಟರು.

ಸದ್ದು ಬರಲಿಲ್ಲ. ಬಂತು, ಆದರೆ ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಬಂತು. ಟಕ್ ಇಲ್ಲ, ಅದರ ಹಿಂದಿನಿಂದ ಎದೆಗೆ ಬಂದು ತಾಗುತ್ತಿದ್ದ ಗುಂಯ್ ಇಲ್ಲ. ಮಾಸ್ತರರು ಇನ್ನೂ ಜೋರಾಗಿ ಎಳೆದರು, ಇನ್ನೂ ಜೋರಾಗಿ. ಮೂರನೆಯ ಹಾಡಿಗೆ ಬೆರಳಿಗೆ ಕರವಸ್ತ್ರ ಸುತ್ತಿಕೊಂಡರು. ಡ್ರಮ್ಮಿನವನು ಆ ಕೊರತೆ ಮುಚ್ಚಲು ಎರಡರಷ್ಟು ಬಾರಿಸಿದ. ಕಾಲೇಜಿನವರಿಗೆ ಏನೂ ತಿಳಿಯಲಿಲ್ಲ, ಚಪ್ಪಾಳೆ ತಟ್ಟಿದರು. ನನಗೆ ತಿಳಿಯಿತು. ಅರವತ್ತು ವರ್ಷ ಆ ಸದ್ದನ್ನು ಎದೆಯಲ್ಲಿ ಇಟ್ಟುಕೊಂಡವಳಿಗೆ ತಿಳಿಯದೆ ಹೇಗಿದ್ದೀತು?

ಅವರು ಸ್ಟೇಜಿನಿಂದ ಕೆಳಗಿಳಿದು ಬಂದಾಗ ಕೇಳಿದೆ. "ಮಾಸ್ತರ್ರೇ, ಸೌಂಡ್ ಯಾಕೋ..."

"ಹವಾ ಹಂಗಿತ್ರೀ ಮೇಡಂ. ತಂಪ ಹಿಡದದ."

ಮೆಕ್ಯಾನಿಕ್ ತಕ್ಷಣ ತಲೆಯಾಡಿಸಿದ. "ಹೌದ್ರೀ, ಮೈಕ್ ಭೀ ಸರಿ ಇರಲಿಲ್ಲ."

ಆಗ ಖಡಕ್ ಬೇಸಿಗೆ. ಭಾಲ್ಕಿಯಲ್ಲಿ ಎಲ್ಲಿಯ ತಂಪು? ಇಬ್ಬರೂ ನನ್ನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದರು. ನಾನೂ ಆ ಸುಳ್ಳಿನೊಳಗೆ ಹೋಗಿ ಕುಳಿತೆ. "ಹೌದೇನೋ," ಅಂದೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಂಗಿ ಹಚ್ಚಿದ ಚುರುಮುರಿ ಮೆತ್ತಗಾಯಿತು. ಮೈದುನನ ಮನೆಗೆಂದು ಭಾಲ್ಕಿಗೆ ಹೋದಾಗ ಗ್ಯಾರೇಜಿಗೆ ಹೋಗಿ ನಿಂತೆ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. ಮೊದಲು ಕೆಲಸ ಜಾಸ್ತಿ ಅಂದ, ಆಮೇಲೆ ಡ್ರಮ್ಮಿನವನಿಗೆ ಜ್ವರ ಅಂದ.

"ಖರೇ ಹೇಳು," ಅಂದೆ.

ಅವನು ಸ್ಪ್ಯಾನರನ್ನು ತಿರುಗಿಸುತ್ತ ನೆಲ ನೋಡಿದ. "ಮಾಸ್ತರ್ರು ಎಮ್ಮಿ ಮನ್ಯಾಗ ಇಟ್ಟಾರ್ರಿ. ದನಿ ಬರವಲ್ದು. ಕಟ್ಟಗಿ ಉಸರಾಡಬೇಕರಿ ಮೇಡಂ, ನೀವು ಭಾಳ ದಪ್ಪ ಹಚ್ಚೀರಿ."

"ನನಗ ಹೇಳಬೇಕಿತ್ತಲ್ಲಪ್ಪ."

"ಹ್ಯಾಂಗ ಹೇಳೂದ್ರಿ? ಮತ್ತ ಅವರು ಬ್ಯಾಡ ಅಂದ್ರು. ಮೇಡಂ ಪ್ರೀತೀಲೆ ಮಾಡ್ಯಾರ ಅಂತ."

ಆಮೇಲೆ ಅವನು ಆ ಗುರುತುಗಳ ವಿಷಯ ಹೇಳಿದ. ಮಾಸ್ತರರ ಅಣ್ಣ ಬಾಸನ್ನು ಕಟ್ಟಿ ಮುಗಿಸಿದ ಮೇಲೂ ಅವರಿಗೆ ಸಮಾಧಾನವಿರಲಿಲ್ಲ. ದಿನವೂ ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟಿ ತಟ್ಟಿ ಕೇಳುತ್ತಿದ್ದರು. ಎಲ್ಲಿ ಹಲಗೆ ದಪ್ಪವಾಗಿದೆ ಎನ್ನಿಸುತ್ತದೋ ಅಲ್ಲಿ ಒಂದು ವೃತ್ತ. ಎಷ್ಟು ಸಲ ಕೀಸುಳಿ ಎಳೆಯಬೇಕೋ ಅಷ್ಟರ ಅಂಕಿ. ಬೇಸಿಗೆಯಲ್ಲಿ ಬಿಚ್ಚಿ ಒಳಗಿನಿಂದ ತೆಳುಮಾಡುತ್ತೇನೆ ಅಂದವರು ಬೇಸಿಗೆ ನೋಡಲಿಲ್ಲ. ಕೈಬಲ್ಲ ಬಡಗಿ ಯಾರಾದರೂ ಸಿಕ್ಕರೆ ಆ ಗುರುತಿನ ಪ್ರಕಾರ ಮುಗಿಸಬೇಕೆಂದು ಮಾಸ್ತರರು ಕಾಯುತ್ತಿದ್ದರು.

"ಅದಕ್ಕ ಚಿಂತಿ ಇಲ್ರಿ," ಅಂದ ಮೆಕ್ಯಾನಿಕ್, ನನ್ನ ಮುಖ ನೋಡಿ ಗಾಬರಿಯಾಗಿ. "ಗುರ್ತೆಲ್ಲ ಬಣ್ಣದ ಕೆಳಗ ಅವ ಅಂತ ಮಾಸ್ತರ್ರೇ ಹೇಳ್ಯಾರ. ದನಿ ಹೋದ್ರ ಹೋಗ್ಲಿ, ಅಣ್ಣನ ಕೈ ಉಳದದಲ್ಲ ಅಂದಾರ."

ನಾನು ಗ್ಯಾರೇಜಿನ ಟಯರುಗಳ ಮೇಲೆ ಕುಳಿತುಬಿಟ್ಟೆ. ಬಣ್ಣದ ಕೆಳಗೆ ಏನೂ ಇಲ್ಲವೆಂಬುದು ಈ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಹನ್ನೆರಡು ದಿನ ಸುಮ್ಮನಿದ್ದೆ. ಅದನ್ನೂ ಇಲ್ಲಿ ಬರೆಯಬೇಕು. ಬಣ್ಣ ಮುಟ್ಟದಿದ್ದರೆ ಸಾಯುವವರೆಗೂ ಅವರಿಗೆ ತಿಳಿಯುವುದಿಲ್ಲ, ತಿಳಿಯದಿದ್ದರೆ ನೋವೂ ಇಲ್ಲ ಎಂದು ಲಾಯರಿನಂತೆ ವಾದ ಹೂಡಿದೆ. ಕೊನೆಗೆ ತಂಗಿಗೆ ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ನಾಳಿ ಹೋಗಾಮು. ನಾನೂ ಬರ್ತೇನಿ."

"ನೀ ಯಾಕ?"

"ನೀ ಒಬ್ಬಾಕಿನೇ ಹೋದ್ರ ಅವರ ಮನಿ ಚಹಾ ಕುಡ್ದು, ಹೇಳಲಾರ್ದೇ ಹೊಳ್ಳಿ ಬರ್ತಿ."

ಸ್ಕ್ರೇಪರು, ಪೇಂಟ್ ರಿಮೂವರಿನ ಡಬ್ಬಿ, ನನ್ನ ಸ್ಕೆಚ್ ಪುಸ್ತಕಗಳು, ಇವಿಷ್ಟನ್ನು ಚೀಲಕ್ಕೆ ತುಂಬಿ ಔರಾದಿಗೆ ಬಸ್ ಹತ್ತಿದೆವು. ಅಲ್ಲಿಂದ ಚಿಂತಾಕಿ. ಮಾಸ್ತರರ ಪತ್ನಿ ಅಂಗಳದಲ್ಲಿ ತೊಗರಿ ಕೇರುತ್ತಿದ್ದರು. "ಬರ್ರಿ, ಬರ್ರಿ" ಎಂದು ಚಾಪೆ ಹಾಸಿದರು. ಒಳಗಿನ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಹೂವಿನ ಚಾದರ ಹೊದ್ದು ನಿಂತ ಎಮ್ಮೆ. ಮಾಸ್ತರರು ನನ್ನನ್ನು ಕಂಡು ಎಷ್ಟು ಖುಷಿಪಟ್ಟರೆಂದರೆ, ನಾನು ಚೀಲವನ್ನು ಬೆನ್ನ ಹಿಂದೆ ಸರಿಸಿದೆ.

ಅವರೇ ಚಾದರ ತೆಗೆದರು. "ನೋಡ್ರಿ, ಒಂದ್ ಗೀರೂ ಬಿದ್ದಿಲ್ಲ. ನೀವು ಒಳ್ಳೇದೇ ಮಾಡೀರಿ ಮೇಡಂ. ನನ್ನ ಕೈ ತಾಗಿ ತಾಗಿ ಅಣ್ಣನ ಗುರ್ತು ಅಳಿಸಿ ಹೋಗ್ತಿದ್ವು. ಈಗ ಕಪ್ಪಿನ ಕೆಳಗ ಭದ್ರ ಅವ."

ಚಹಾ ಬಂತು. ಲೋಟ ತುಟಿಯವರೆಗೆ ಹೋಯಿತು. ತಂಗಿ ನನ್ನನ್ನೇ ನೋಡುತ್ತಿದ್ದಳು. ಲೋಟ ಕೆಳಗಿಟ್ಟೆ.

"ಮಾಸ್ತರ್ರೇ, ಅವು ಇಲ್ಲರಿ. ಬಣ್ಣ ಹಚ್ಚೂಕಿಂತ ಮೊದಲ ನಾ ಉಜ್ಜಿ ತೆಗದೇನಿ."

"ಉಜ್ಜೀರಿ?"

"ಹೌದು."

"ಎಲ್ಲಾ?"

"ಎಲ್ಲಾ."

ಅಂಗಳದಲ್ಲಿ ಮೊರದ ಸದ್ದು ನಿಂತಿತು. ನಾನು ಗಡಿಬಿಡಿಯಿಂದ ಸ್ಕೆಚ್ ಪುಸ್ತಕಗಳನ್ನು ತೆಗೆದೆ. ಎಷ್ಟೋ ಭಾನುವಾರಗಳ ಚಿತ್ರಗಳಿದ್ದವು. ಅವುಗಳಲ್ಲಿ ಆ ಗುರುತುಗಳು ಸಿಕ್ಕಾವು ಎಂಬುದೊಂದೇ ಆಸೆ. ರಾತ್ರಿಯೇ ನೋಡಬಹುದಿತ್ತು, ಧೈರ್ಯವಾಗಿರಲಿಲ್ಲ. ಮಾಸ್ತರರು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುಗಿಸಿದರು. ಅವರ ಮುಖ ಬರೆದಿದ್ದೆ, ಬೆರಳು ಬರೆದಿದ್ದೆ, ಮೆಕ್ಯಾನಿಕನ ಜುಟ್ಟು ಬರೆದಿದ್ದೆ. ಬಾಸಿನ ಹೊಟ್ಟೆ ಎಲ್ಲ ಹಾಳೆಯಲ್ಲೂ ಖಾಲಿ. ಗೀಚು ಅಸಹ್ಯವೆಂದು ಬಿಟ್ಟುಬಿಟ್ಟಿದ್ದೆ. ಒಂದೇ ಒಂದು ಹಾಳೆಯಲ್ಲಿ ಮೂರು ವೃತ್ತಗಳಿದ್ದವು. ಒಳಗೆ ಅಂಕಿಯ ಜಾಗದಲ್ಲಿ ಹುಳುವಿನಂಥ ಡೊಂಕು ಗೆರೆ.

ಅವರು ಆ ವೃತ್ತಗಳ ಮೇಲೆ ಬೆರಳಿಟ್ಟರು. "ಇದು ನಿಮ್ಮ ಕೈ ಅದರಿ. ಅಣ್ಣಂದಲ್ಲ."

ಪುಸ್ತಕ ಮುಚ್ಚಿ ನನ್ನ ಮುಂದಿಟ್ಟರು. "ಕೇಳಬೇಕಿತ್ತರಿ ಮೇಡಂ. ಏನಿದು ಅಂತ ಒಂದ್ ಮಾತು ಕೇಳಿದ್ರ ಹೇಳ್ತಿದ್ದೆ."

ದನಿ ಏರಿರಲಿಲ್ಲ. ಆದರೆ ಪರಿಚಯವಾದಂದಿನಿಂದ ಮೊದಲ ಸಲ ಅವರು ನನಗೆ "ಇರ್ಲಿ ಬಿಡ್ರಿ" ಅನ್ನಲಿಲ್ಲ. ನಾನು ತಲೆ ತಗ್ಗಿಸಿದೆ. ಸಾರಿ ಎಂಬ ಪದ ಬಾಯಿಗೆ ಬಂತು. ಸಾಲೆಯಲ್ಲಿ ಮಕ್ಕಳು ತಡವಾಗಿ ಬಂದಾಗ ಹೇಳಿಸುತ್ತಿದ್ದ ಪದ, ನುಂಗಿಕೊಂಡೆ.

ಅವರು ಚೀಲದಿಂದ ಸ್ಕ್ರೇಪರು ತೆಗೆದು ನನ್ನ ಕೈಗೆ ಕೊಟ್ಟರು. "ನೀವೇ ಹಚ್ಚೀರಿ. ನೀವೇ ಕೆರೀರಿ."

ಬಾಸನ್ನು ಅಂಗಳದ ಬೇವಿನ ನೆರಳಿಗೆ ತಂದು ಮಲಗಿಸಿದೆವು. ತಂತಿ ಸಡಿಲಿಸಿ ಕುದುರೆಯನ್ನು, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡನ್ನು, ಅವರೇ ತೆಗೆದರು. ನಾನು ಕೆರೆದೆ. ಬೆಳ್ಳಿಯ ಬಳ್ಳಿ ಮೊದಲು ಹೋಯಿತು. ಆಮೇಲೆ ಕಪ್ಪು, ಕೋಟೆಯ ಮಣ್ಣಿನ ಹರಳುಗಳ ಸಮೇತ, ಕಜ್ಜಿಯ ಹಕ್ಕಳೆಯಂತೆ ಏಳತೊಡಗಿತು. ಮೊಣಕೈ ನೋಯುತ್ತಿತ್ತು. ತಂಗಿ ಸಹಾಯಕ್ಕೆ ಬಂದಾಗ ಮಾಸ್ತರರ ಪತ್ನಿ ಅವಳನ್ನು ಕೈಹಿಡಿದು ಕೂರಿಸಿದರು. "ಬಿಡ್ರಿ ಅಕ್ಕಾ, ಅವರು ಮಾಡ್ಲಿ." ಆ ಮಾತಿನಲ್ಲಿ ಕೋಪವಿತ್ತೋ ಕನಿಕರವಿತ್ತೋ ತಿಳಿಯಲಿಲ್ಲ. ಕೆರೆದು ಮುಗಿಯುವ ಹೊತ್ತಿಗೆ ಬೇವಿನ ನೆರಳು ಈ ಕಡೆಯಿಂದ ಆ ಕಡೆಗೆ ಸರಿದಿತ್ತು.

ಹಲಗೆ ಹೊರಬಂದಾಗ ಮಾಸ್ತರರು ಮೊಣಕಾಲೂರಿ ಕುಳಿತರು. ನಾನು ಹೇಳಿದ್ದರೂ, ಅವರು ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ, ಒಂದೊಂದು ಅಂಗುಲವನ್ನೂ ಹುಡುಕಿದರು. ಆ ನೋಟ ನನಗೆ ಸಿಕ್ಕ ಶಿಕ್ಷೆ. ಕೊನೆಗೆ ಬೆರಳ ಗೆಣ್ಣಿನಿಂದ ತಟ್ಟಿದರು. ಟಕ್. ಪಕ್ಕದಲ್ಲಿ ಮತ್ತೊಮ್ಮೆ. ಟಕ್. ಕಿವಿ ಇಟ್ಟು ಕೇಳಿದರು. ನಾನು ನನ್ನ ಪೆನ್ಸಿಲನ್ನು ಮುಂದೆ ಚಾಚಿದೆ.

ಅವರು ಬೇಡವೆಂದು ತಲೆಯಾಡಿಸಿದರು. "ಅಣ್ಣನ ಕಿವಿ ನನಗಿಲ್ಲರಿ."

ಯುಗಾದಿ ಕಳೆದ ಮೇಲೆ ಎಮ್ಮೆ ನಮ್ಮ ಶೆಡ್ಡಿಗೆ ಮರಳಿ ಬಂತು. ದನಿ ಬಂದಿದೆ; ಪೂರ್ತಿ ಮೊದಲಿನಷ್ಟಲ್ಲ ಎಂದು ನನ್ನ ಕಿವಿ ಹೇಳುತ್ತದೆ. ಮರದ ನರಗಳಲ್ಲಿ ಕಪ್ಪು ಹಾಗೇ ಉಳಿದು, ಅದೀಗ ಕೆಸರಿನಲ್ಲಿ ಹೊರಳಿ ಬಂದ ನಿಜವಾದ ಎಮ್ಮೆಯ ಹಾಗೆ ಮಚ್ಚೆಮಚ್ಚೆಯಾಗಿದೆ. ನಾನು ಬೆಳಿಗ್ಗೆ ಗುಮ್ಮಟ ಬರೆಯುತ್ತೇನೆ, ಭಾನುವಾರ ಸ್ಕೆಚ್ ಮಾಡುತ್ತೇನೆ. ಈಗ ಕಲೆ, ಗೀರು, ಮೊಳೆಯ ತೂತು ಯಾವುದನ್ನೂ ಬಿಡುವುದಿಲ್ಲ.

ಮೊದಲ ಸಲ ಔರಾದಿನ ಒಂದು ಕಾರ್ಯಕ್ರಮದಲ್ಲಿ ಯಾರೋ ಕೇಳಿದರು. "ಮಾಸ್ತರ್ರೇ, ಇದಕ್ಕೇನ್ ಬೆಂಕಿ ಹತ್ತಿತ್ತೇನ್ರಿ?" ಮೆಕ್ಯಾನಿಕ್ ಬಾಯಿ ತೆರೆದ, "ಹಳೀ ಕಟ್ಟಗಿ ನೋಡ್ರಿ, ಅದಕ್ಕ..." ನಾನು ಮೊದಲ ಸಾಲಿನಿಂದ ಎದ್ದು ನಿಂತೆ. ನಾನು ಮಾಡಿದ್ದು ಎಂದೆ, ಹೇಗೆ ಮಾಡಿದೆ ಎಂಬುದನ್ನೂ ಹೇಳಿದೆ. ಜನ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದರು.

ಆಮೇಲಿಂದ ಯಾರು ಕೇಳಿದರೂ ಮಾಸ್ತರರು ಉತ್ತರ ಕೊಡುವುದಿಲ್ಲ. ಗದ್ದ ಎತ್ತಿ ನನ್ನ ಕಡೆ ತೋರಿಸುತ್ತಾರೆ. ನಾನು ಎದ್ದು ಹೇಳುತ್ತೇನೆ, ಸ್ಯಾಂಡ್‌ಪೇಪರಿನಿಂದ ಶುರುಮಾಡಿ. ಮುಗಿಯುವವರೆಗೂ ಅವರು ತಂತಿಯ ಮೇಲೆ ಬೆರಳಿಟ್ಟು ಕಾಯುತ್ತಾರೆ. ನಾನು ಕುಳಿತ ಮೇಲೆಯೇ ಹಾಡು ಶುರುವಾಗುತ್ತದೆ.